ಟ್ಯಾಂಕಿಗೆ ಎಂತ ಹಾಕುದು ಮಾರಾಯ್ರೆ?

ಪೆಟ್ರೋಲ್ ರೇಟಿನ ಬಗ್ಗೆ ಬರೆಯುವುದು ತುಂಬ ಸುಲಭ. ರೇಟು ಏರಿದ ದಿನ ಒಂದು ಸಿಟ್ಟಿನ ಲೇಖನ. ಎಲ್ಲೋ ಯಾರೋ ಹೊಸ ಇಂಧನ ಕಂಡುಹಿಡಿದರು ಅಂತ ಸುದ್ದಿ ಬಂದ ದಿನ ಒಂದು ಕನಸಿನ ಲೇಖನ. ಹತ್ತು-ಹದಿನೈದು ವರ್ಷದಿಂದ ನಾವು ಓದುತ್ತಾ ಬಂದದ್ದು ಈ ಎರಡೇ ಜಾತಿಯ ಬರಹಗಳನ್ನು. ಒಂದರಲ್ಲಿ ಸರ್ಕಾರ ವಿಲನ್. ಇನ್ನೊಂದರಲ್ಲಿ ಹೊಂಗೆಯೋ ಎಥನಾಲೋ ಎಲೆಕ್ಟ್ರಿಕ್ ಸ್ಕೂಟರೋ ಹೀರೋ. ಎರಡನ್ನೂ ಓದಿ, ಶೇರ್ ಮಾಡಿ, ನಾವು ಪುನಃ ಅದೇ ಪಂಪಿಗೆ ಹೋಗುತ್ತೇವೆ.

ನನ್ನ ತಕರಾರು ಈ ಬರಹಗಳ ಮೇಲೆಯೇ. ಅವುಗಳಲ್ಲಿ ಬರುವ ಗಾಡಿ ಯಾವಾಗಲೂ ಪೇಟೆಯ ಗಾಡಿ. ಮನೆಯಿಂದ ಆಫೀಸಿಗೆ ಹೋಗಿ ಬರುವುದು, ಟ್ರಾಫಿಕ್, ಮೈಲೇಜ್, ಇಎಂಐ. ಅದೇ ಪ್ರಶ್ನೆಯನ್ನು ತಂದು ಪುತ್ತೂರು, ಸುಳ್ಯ, ಕಡಬದ ಕಡೆ ಇಟ್ಟು ನೋಡಿ. ಅರ್ಧ ಉತ್ತರಗಳು ಅಲ್ಲೇ ಬಿದ್ದುಹೋಗುತ್ತವೆ. ಪೇಟೆಯಲ್ಲಿ ಯಾರೂ ಉತ್ತರ ಅಂತ ಎಣಿಸದ ಒಂದೆರಡು ಎದ್ದು ನಿಲ್ಲುತ್ತವೆ.

ಈ ಪುಸ್ತಕ ಓದುವ ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿ ಇದ್ದೀರಿ, ಮನೆ ಮಾತ್ರ ಇಂಥದ್ದೇ ಯಾವುದೋ ಊರಲ್ಲಿ ಉಂಟು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. "ಹೊಸ ಗಾಡಿ ಯಾವುದು ತೆಗೆಯುದು ಮಗಾ, ಕರೆಂಟಿದ್ದಾ ಪೆಟ್ರೋಲಿದ್ದಾ?" ಅಂತ ಅವರು ಫೋನಲ್ಲಿ ಕೇಳುವುದು ನಿಮ್ಮನ್ನೇ. ನೀವು ಯೂಟ್ಯೂಬ್ ನೋಡಿ ಉತ್ತರ ಹೇಳುತ್ತೀರಿ. ಆ ಉತ್ತರ ಸರಿ ಇರಬೇಕಾದರೆ ಪ್ರಶ್ನೆಯನ್ನು ಆ ಊರಿಂದಲೇ ಶುರು ಮಾಡಬೇಕು.

ಘಟ್ಟದ ಮೇಲಿನ ಹಳ್ಳಿಯ ಹಾಗೆ ನಮ್ಮಲ್ಲಿ ಮನೆಗಳು ಒಂದು ಕಡೆ ಗುಂಪಾಗಿ ಇರುವುದಿಲ್ಲ. ಒಂದು ತೋಟಕ್ಕೆ ಒಂದು ಮನೆ, ನಡುವೆ ಗುಡ್ಡ, ಕೆಳಗೆ ತೋಡು. ಡಾಮರು ರಸ್ತೆ ಮುಟ್ಟಬೇಕಾದರೆ ಒಂದೆರಡು ಕಿಲೋಮೀಟರ್ ಮಣ್ಣಿನ ದಾರಿ, ಅಲ್ಲಿಂದ ಬಸ್ಸು ಸಿಗುವ ಜಂಕ್ಷನ್ನಿಗೆ ಇನ್ನಷ್ಟು. ಕೊಲ್ಲಮೊಗ್ರಿನವರಿಗೆ ಸುಳ್ಯ ದೂರ, ಕೊಂಬಾರಿನವರಿಗೆ ಪುತ್ತೂರು ದೂರ, ಎಲ್ಲರಿಗೂ ದೊಡ್ಡ ಆಸ್ಪತ್ರೆಯ ಮಂಗಳೂರು ದೂರ. ಪುತ್ತೂರಿಂದಲೇ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯದಿಂದ ಅದಕ್ಕಿಂತ ಮೂವತ್ತೈದು ಹೆಚ್ಚು. ಸೊಸೈಟಿ, ರೇಷನ್, ಬ್ಯಾಂಕು, ಮದ್ದಿನಂಗಡಿ, ಮದುವೆ, ಬೊಜ್ಜ, ಎಲ್ಲದಕ್ಕೂ ಗಾಡಿ ಬೇಕು. ಪೇಟೆಯವನಿಗೆ ಪೆಟ್ರೋಲ್ ಏರಿದರೆ ಒಂದು ವೀಕೆಂಡ್ ಟ್ರಿಪ್ ಕ್ಯಾನ್ಸಲ್. ಇಲ್ಲಿ ಕ್ಯಾನ್ಸಲ್ ಆಗುವುದು ಫಿಸಿಯೋಥೆರಪಿಯ ಮೂರನೇ ವಾರ. ಹತ್ತು ರೂಪಾಯಿ ಹೆಚ್ಚು ಕೇಳಿದ ಸರ್ವಿಸ್ ಜೀಪು ಬಿಟ್ಟು ಮಕ್ಕಳು ನಡೆದುಕೊಂಡು ಬರುತ್ತಾರೆ. ಯಾರೂ ಅದನ್ನು ಪೆಟ್ರೋಲ್ ಸುದ್ದಿ ಅಂತ ಬರೆಯುವುದಿಲ್ಲ.

ಇನ್ನೊಂದು ವಿಷಯ ಉಂಟು. ಇಲ್ಲಿ ಪೆಟ್ರೋಲ್ ರಸ್ತೆಯಲ್ಲಿ ಮಾತ್ರ ಉರಿಯುವುದಲ್ಲ, ತೋಟದಲ್ಲೂ ಉರಿಯುತ್ತದೆ. ಹುಲ್ಲು ತೆಗೆಯುವ ಮಿಷನ್, ಮರ ಕೊಯ್ಯುವ ಮಿಷನ್, ಅಡಿಕೆಗೆ ಮದ್ದು ಬಿಡುವ ಪಂಪು. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಮಾಡಿದ್ದನ್ನು 2019ರಲ್ಲಿ ದೇಶವೇ ವಿಡಿಯೋದಲ್ಲಿ ನೋಡಿತಲ್ಲ, ಅದೂ ಪೆಟ್ರೋಲ್ ಇಂಜಿನ್ನೇ. ಆಳು ಸಿಗದ ಊರಲ್ಲಿ ಆಳಿನ ಜಾಗಕ್ಕೆ ಬಂದದ್ದು ಪೆಟ್ರೋಲು. ಹಾಗಾಗಿ ಲೀಟರಿಗೆ ಮೂರು ರೂಪಾಯಿ ಏರಿದರೆ ಅದು ಗಾಡಿಯ ಖರ್ಚಿಗೆ ಮಾತ್ರ ಅಲ್ಲ, ಅಡಿಕೆಯ ಖರ್ಚಿಗೂ ಸೇರುತ್ತದೆ.

ಮೂರು ರೂಪಾಯಿ ಅಂದದ್ದು ಸುಮ್ಮನೆ ಅಲ್ಲ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. ಪೆಟ್ರೋಲೂ ಡೀಸೆಲೂ ಸುಮಾರು ಮೂರು ಮೂರು ರೂಪಾಯಿ ಜಾಸ್ತಿಯಾಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲೆ ಇನ್ನೂ ಎರಡು ರೂಪಾಯಿ. ಕೇಂದ್ರ ಸರ್ಕಾರವೇನು ಕಮ್ಮಿ ಅಂತ ಅಲ್ಲ. 2014ರಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 9.48 ರೂಪಾಯಿ ಇದ್ದ ಅಬಕಾರಿ ಸುಂಕ 2020ರಲ್ಲಿ ಮೂವತ್ತೆರಡು ದಾಟಿತ್ತು. ಆ ವರ್ಷ ಕೊರೋನಾದಲ್ಲಿ ಜಗತ್ತಿನಲ್ಲೆಲ್ಲ ಕಚ್ಚಾ ತೈಲದ ಬೆಲೆ ನೆಲಕ್ಕೆ ಬಿದ್ದಾಗ ನಮಗೆ ಅಗ್ಗ ಆಗಬೇಕಿತ್ತು. ಮಾರ್ಚಲ್ಲಿ ಮೂರು, ಮೇಯಲ್ಲಿ ಹತ್ತು ರೂಪಾಯಿ ಸುಂಕ ಏರಿಸಿ ಆ ಲಾಭವನ್ನು ದೆಹಲಿಯೇ ಇಟ್ಟುಕೊಂಡಿತು. 2021ರ ನವೆಂಬರಲ್ಲಿ ಐದು, 2022ರ ಮೇಯಲ್ಲಿ ಎಂಟು ರೂಪಾಯಿ ಇಳಿಸಿದರು. 2025ರ ಏಪ್ರಿಲಲ್ಲಿ ಪುನಃ ಎರಡು ಏರಿಸಿದರು. 2025ರ ಲೆಕ್ಕ ಹಾಕಿ: 102-103 ರೂಪಾಯಿಯ ಒಂದು ಲೀಟರಲ್ಲಿ ಎರಡೂ ಸರ್ಕಾರದ ಪಾಲು ಸೇರಿ ಸುಮಾರು 45 ರೂಪಾಯಿ ಇತ್ತು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸ್ಕೂಟರ್ ಓಡಿಸುವ ಮನೆಗೆ ತಿಂಗಳಿಗೆ ಹದಿಮೂರು ಲೀಟರ್ ಬೇಕು. ಅಂದರೆ ತಿಂಗಳಿಗೆ ಆರುನೂರು ರೂಪಾಯಿ ತೆರಿಗೆ. ಬಿಪಿಎಲ್ ಕಾರ್ಡ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಇಲ್ಲಿ ಸಿಟ್ಟಿನ ಲೇಖನಗಳ ಒಂದು ದೋಷ ಹೇಳಬೇಕು. ರಾಜ್ಯ ಏರಿಸಿದಾಗ ಒಂದು ಪಕ್ಷದವರು ಬರೆಯುತ್ತಾರೆ, ಕೇಂದ್ರ ಏರಿಸಿದಾಗ ಇನ್ನೊಂದು ಪಕ್ಷದವರು. ಗಡಿಯಾಚೆ ಕೇರಳದಲ್ಲಿ ರೇಟು ಇನ್ನೂ ಹೆಚ್ಚು. 2023ರಿಂದ ಅಲ್ಲಿ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತೆಯ ಸೆಸ್ ಬೇರೆ ಉಂಟು. ಸುಳ್ಯ, ಪುತ್ತೂರಿನ ಗಡಿ ಕಡೆಯ ಪಂಪುಗಳಲ್ಲಿ ಕೆಎಲ್ ನಂಬರಿನ ಗಾಡಿಗಳು ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೋಗುವುದು ಅದಕ್ಕೇ. ಅಂದರೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳಿಗೂ ಈ ಒಂದು ವಿಷಯದಲ್ಲಿ ಒಮ್ಮತ ಉಂಟು. ಪೆಟ್ರೋಲ್ ಇನ್ನೂ ಜಿಎಸ್‌ಟಿಗೆ ಬಾರದೆ ಇರುವುದಕ್ಕೂ ಅದೇ ಕಾರಣ. ಎಂಆರ್‌ಪಿಎಲ್‌ನಂಥ ವರ್ಷಕ್ಕೆ ಒಂದೂವರೆ ಕೋಟಿ ಟನ್ ತೈಲ ಶುದ್ಧ ಮಾಡುವ ಕಾರ್ಖಾನೆ ನಮ್ಮ ಜಿಲ್ಲೆಯಲ್ಲೇ ಉಂಟು. ಮಂಗಳೂರಿನ ಬಂಡೆಯ ಕೆಳಗೆ 15 ಲಕ್ಷ ಟನ್, ಪಾದೂರಿನ ಬಂಡೆಯ ಕೆಳಗೆ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳೂ ಉಂಟು. ಅದರಿಂದ ನಮಗೆ ಬೆಲೆಯೇನೂ ಕಡಿಮೆಯಾಗಿಲ್ಲ. ದರದ ದೊಡ್ಡ ಪಾಲು ರಿಫೈನರಿಯಲ್ಲಿ ಅಲ್ಲ, ಬಜೆಟ್ಟಿನಲ್ಲಿ ತಯಾರಾಗುವುದು.

ಹಾಗಾದರೆ ಬೇರೆ ಇಂಧನ? ಈಗ ಕನಸಿನ ಲೇಖನಗಳಿಗೆ ಬರುವ.

ಮೊದಲು ಅತಿ ಕೆಟ್ಟ ಜಾತಿ ನೋಡಿ. "ನೀರಿನಲ್ಲಿ ಓಡುವ ಬೈಕ್", "ಗಿಡದಿಂದ ಪೆಟ್ರೋಲ್". 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಅಂದಾಗ ದೇಶವೇ ನಂಬಲು ತಯಾರಾಗಿತ್ತು. ಕೊನೆಗೆ ಅದು ಪೆಟ್ರೋಲಿಯಂ ದ್ರಾವಕಗಳನ್ನೇ ಬೆರೆಸಿ ಮಾರುವ ವ್ಯವಹಾರ ಅಂತ ಸಿಬಿಐ ಹೇಳಿ, 2016ರಲ್ಲಿ ಚೆನ್ನೈಯ ಕೋರ್ಟು ಮೂರು ವರ್ಷ ಶಿಕ್ಷೆ ಕೊಟ್ಟಿತು. ಆದರೂ ಇಂಥ ವಿಡಿಯೋ ಈಗಲೂ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಕಳಿಸುವವರು ದಡ್ಡರಲ್ಲ. ಅವರಿಗೆ ಬೇಕಾಗಿರುವುದು ಪಂಪಿನ ಬೋರ್ಡಿನಿಂದ ಒಂದು ಬಿಡುಗಡೆ. ಆ ಆಸೆಯನ್ನು ಗೇಲಿ ಮಾಡುವುದಕ್ಕಿಂತ ಅದಕ್ಕೆ ಸರಿಯಾದ ಲೆಕ್ಕ ಕೊಡುವುದು ಒಳ್ಳೆಯದು.

ಲೆಕ್ಕ ಕೊಡಲು ಹೊಂಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಇಂಜಿನ್ ಓಡಿಸಿ ಹಳ್ಳಿಗೆ ಕರೆಂಟು, ನೀರು ಕೊಡಬಹುದು ಅಂತ ತೋರಿಸಿದರು. ಅದು ನಿಜವಾದ ವಿಜ್ಞಾನ. ರಾಜ್ಯದಲ್ಲಿ ಜೈವಿಕ ಇಂಧನ ಮಂಡಳಿ ಬಂತು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಬಂತು, ಬದುಗಳಲ್ಲಿ ಗಿಡ ನೆಡಿಸಿದರು. 2009ರ ರಾಷ್ಟ್ರೀಯ ನೀತಿಯಲ್ಲಿ 2017ಕ್ಕೆ ಡೀಸೆಲ್ಲಿಗೆ ಶೇ. 20 ಜೈವಿಕ ಡೀಸೆಲ್ ಬೆರೆಸುವ ಮಾತಿತ್ತು. ಶೇ. 1 ಕೂಡ ಮುಟ್ಟಲಿಲ್ಲ. ಯಾಕೆ? ಲೀಟರ್ ಎಣ್ಣೆಗೆ ಮೂರೂವರೆ-ನಾಲ್ಕು ಕಿಲೋ ಬೀಜ ಬೇಕು. ಅಷ್ಟನ್ನು ಹೆಕ್ಕಬೇಕು, ಒಣಗಿಸಬೇಕು, ಸಿಪ್ಪೆ ತೆಗೆಯಬೇಕು, ಗಾಣಕ್ಕೆ ಹೊರಬೇಕು. ನಮ್ಮ ಕಡೆ ದಿನಗೂಲಿ ಐನೂರು-ಆರುನೂರಕ್ಕೆ ಕಡಿಮೆ ಇಲ್ಲ. ತೊಂಬತ್ತು ರೂಪಾಯಿಯ ಡೀಸೆಲ್ಲಿಗೆ ಬದಲು ಎಣ್ಣೆ ಮಾಡಲು ಯಾರು ಕೂತು ಬೀಜ ಹೆಕ್ಕುತ್ತಾರೆ? ಇಂಜಿನ್ ಓಡುವುದು ಹೇಗೆ ಅಂತ ನೂರು ಲೇಖನ ಬಂತು. ಬೀಜ ಹೆಕ್ಕುವವರು ಯಾರು ಅಂತ ಯಾರೂ ಬರೆಯಲಿಲ್ಲ.

ಗೇರುಹಣ್ಣಿನದ್ದೂ ಅದೇ ಕಥೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು. ಒಂದು ಕಿಲೋ ಬೀಜದ ಹಿಂದೆ ಐದಾರು ಕಿಲೋ ಹಣ್ಣು ಬರುತ್ತದೆ, ಬೀಜ ತಿರುಪಿಕೊಂಡು ಹಣ್ಣನ್ನು ಹೆಚ್ಚಿನವರು ಮರದಡಿಯಲ್ಲೇ ಬಿಡುತ್ತಾರೆ. "ಅದರಿಂದ ಎಥನಾಲ್ ಮಾಡಬಾರದಾ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮಾಡಬಹುದು. ನೂರು ಕಿಲೋ ಹಣ್ಣು ಹಿಂಡಿದರೆ ಅರವತ್ತು-ಎಪ್ಪತ್ತು ಲೀಟರ್ ರಸ, ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸಕ್ಕರೆ, ಹುಳಿ ಬರಿಸಿ ಇಳಿಸಿದರೆ ಮೂರು-ನಾಲ್ಕು ಲೀಟರ್ ಎಥನಾಲ್. ತೈಲ ಕಂಪನಿಗಳು ಎಥನಾಲಿಗೆ ಕೊಡುವುದು ಲೀಟರಿಗೆ ಅರವತ್ತು-ಎಪ್ಪತ್ತು ರೂಪಾಯಿ. ಅಂದರೆ ನೂರು ಕಿಲೋ ಹಣ್ಣಿಗೆ ಇನ್ನೂರೈವತ್ತು ರೂಪಾಯಿ ಸಿಕ್ಕರೆ ದೊಡ್ಡದು. ಅದರಲ್ಲೇ ಹೆಕ್ಕುವ ಕೂಲಿ, ಗುಡ್ಡದಿಂದ ಇಳಿಸುವ ಬಾಡಿಗೆ, ಕಾರ್ಖಾನೆಯ ಖರ್ಚು. ಹಣ್ಣು ಒಂದು ದಿನದಲ್ಲಿ ಕೊಳೆಯುತ್ತದೆ, ಸೀಸನ್ ಎರಡು-ಮೂರು ತಿಂಗಳು. ಮನೆಯಲ್ಲೇ ಭಟ್ಟಿ ಇಳಿಸಿ ಟ್ಯಾಂಕಿಗೆ ಹಾಕುತ್ತೇನೆ ಅಂದರೆ ಅಬಕಾರಿಯವರು ಬಂದು ನಿಮ್ಮ ಗಾಡಿಯ ಮೈಲೇಜ್ ಕೇಳುವುದಿಲ್ಲ! ಗೇರುಹಣ್ಣಿಗೆ ಜ್ಯೂಸೋ, ಜಾಮೋ, ಇನ್ನೊಂದೋ ದಾರಿ ಇರಬಹುದು. ಪೆಟ್ರೋಲ್ ಪಂಪಿನ ದಾರಿ ಮಾತ್ರ ಬಹಳ ದೂರ.

ಹಾಗಿದ್ದರೂ ಎಥನಾಲ್ ನಿಮ್ಮ ಟ್ಯಾಂಕಿಗೆ ಬಂದಾಗಿದೆ. 2030ಕ್ಕೆ ಅಂತ ಇದ್ದ ಶೇ. 20ರ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದರು. ಕಬ್ಬು, ಜೋಳ, ಅಕ್ಕಿಯಿಂದ ಬರುವ ಎಥನಾಲಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಮೈಲೇಜ್ ಕಡಿಮೆಯಾಗುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆ ನಷ್ಟ ತುಂಬಲು ಇಂಥ ಪೆಟ್ರೋಲಿನ ದರ ಕಡಿಮೆ ಇರಬೇಕು ಅಂತಲೂ ಅದೇ ವರದಿ ಹೇಳಿತ್ತು. ಮೊದಲನೆಯದು ಆಯಿತು, ಎರಡನೆಯದು ಆಗಲಿಲ್ಲ. ಬೆರಕೆ ಇಲ್ಲದ ಪೆಟ್ರೋಲ್ ಆರಿಸುವ ಅವಕಾಶವಾದರೂ ಕೊಡಿ ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಇಷ್ಟರ ಬಗ್ಗೆ ಪೇಟೆಯಲ್ಲಿ ಧಾರಾಳ ಚರ್ಚೆ ಆಗಿದೆ, ಕಾರಿನ ವಾರಂಟಿಯವರೆಗೆ. ಆಗದ ಚರ್ಚೆ ಹುಲ್ಲು ತೆಗೆಯುವ ಮಿಷನ್ನಿನದ್ದು. ಎಥನಾಲ್ ಗಾಳಿಯ ನೀರಿನಂಶ ಎಳೆದುಕೊಳ್ಳುತ್ತದೆ. ಜೂನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಊರಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ತಿಂಗಳುಗಟ್ಟಲೆ ನಿಲ್ಲುವುದು ಕಾರಲ್ಲ, ಈ ಮಿಷನ್ನುಗಳು. ಶೇ. 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಅಂತಲೇ ಇಂಥ ಸಣ್ಣ ಇಂಜಿನ್ನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನಮ್ಮ ಪಂಪಿನಲ್ಲಿ ಸಿಗುವುದೇ ಇಪ್ಪತ್ತು. ಆದ್ದರಿಂದ ಒಂದು ಕೆಲಸ ಮಾಡಿ: ಮಿಷನ್ ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ಆಫ್ ಆಗುವ ತನಕ ಓಡಿಸಿ ಇಡಿ ಅಂತ ಮನೆಗೆ ಫೋನ್ ಮಾಡಿ ಹೇಳಿ. ಎಥನಾಲ್ ನೀತಿಯ ಮೇಲೆ ಹತ್ತು ಪೋಸ್ಟ್ ಹಾಕುವುದಕ್ಕಿಂತ ಅದರಿಂದ ಹೆಚ್ಚು ಉಪಕಾರ ಉಂಟು.

ಗ್ಯಾಸಿನ ಮಾತೂ ಆಗಲಿ. 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಮಂಗಳೂರಿನ ಆಟೋ, ಟ್ಯಾಕ್ಸಿಯವರಿಗೆ ಸಿಎನ್‌ಜಿ ನಿಜವಾಗಿ ಉಪಯೋಗಕ್ಕೆ ಬಂತು. ಪೈಪು ಬಾರದ ಕಡೆಗೆ ಸಿಲಿಂಡರ್ ಹೇರಿದ ಲಾರಿಯಲ್ಲಿ ಗ್ಯಾಸ್ ಬರಬೇಕು. ಲಾರಿ ತಡವಾದರೆ ಕ್ಯೂ. ಘಟ್ಟದ ಬುಡದ ಹಳ್ಳಿಗೆ ಅದು ಸದ್ಯಕ್ಕೆ ಉತ್ತರ ಅಲ್ಲ. "ಗೋಬರ್ ಗ್ಯಾಸಿನಲ್ಲಿ ಕಾರು ಓಡಿಸಿ" ಅನ್ನುವವರೂ ಉಂಟು. ಅದಕ್ಕೆ ಗ್ಯಾಸನ್ನು ಶುದ್ಧ ಮಾಡಿ ಭಾರೀ ಒತ್ತಡದಲ್ಲಿ ತುಂಬಿಸುವ ಘಟಕ ಬೇಕು. ಅಂಥ 5,000 ಘಟಕ ಕಟ್ಟಿಸುತ್ತೇವೆ ಅಂತ 2018ರಲ್ಲಿ ಕೇಂದ್ರ ಶುರು ಮಾಡಿದ ಸತತ್ ಯೋಜನೆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಎರಡು ದನ ಇರುವ ಮನೆಯ ಗೋಬರ್ ಗ್ಯಾಸ್ ಅಡುಗೆಮನೆಯಲ್ಲೇ ಚಂದ. ಅಲ್ಲಿ ಅದು ಸಿಲಿಂಡರಿನ ದುಡ್ಡು ಉಳಿಸುತ್ತದೆ, ಸ್ಲರಿ ಅಡಿಕೆ ಬುಡಕ್ಕೆ ಹೋಗುತ್ತದೆ.

ಇದೆಲ್ಲ ಹೊಸ ಕಾಲದ ಸಮಸ್ಯೆ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ದೇಶದ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಒಂದು ಡ್ರಮ್ಮು, ಅದರಲ್ಲಿ ಕೆಂಡ, ಕೈಯಲ್ಲಿ ತಿರುಗಿಸುವ ಫ್ಯಾನು. ಏರು ಬಂದರೆ ಜನ ಇಳಿಯಬೇಕಾಗುತ್ತಿತ್ತು. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕಿದ್ದೇ ಎಲ್ಲರೂ ಡ್ರಮ್ಮು ಕಳಚಿಟ್ಟರು. ಬೇರೆ ಇಂಧನದಲ್ಲಿ ಗಾಡಿ ಓಡಿಸಬಹುದು ಅನ್ನುವುದು ಎಂಬತ್ತು ವರ್ಷದ ಹಿಂದೆಯೇ ಸಾಬೀತಾಗಿದೆ. ದಿನನಿತ್ಯ ಅದನ್ನು ತುಂಬಿಸುವ ತಾಪತ್ರಯ ಪೆಟ್ರೋಲಿಗಿಂತ ಕಡಿಮೆ ಇದ್ದರೆ ಮಾತ್ರ ಜನ ಅದರಲ್ಲಿ ಉಳಿಯುತ್ತಾರೆ.

ಈ ಅಳತೆಗೋಲು ಹಿಡಿದು ನೋಡಿದರೆ ಉಳಿಯುವುದು ಕರೆಂಟು. ಪೇಟೆಯ ಲೇಖನಗಳು ಇಲ್ಲಿ ಒಂದು ವಿಚಿತ್ರ ತಪ್ಪು ಮಾಡುತ್ತವೆ: ಎಲೆಕ್ಟ್ರಿಕ್ ಗಾಡಿ ಪೇಟೆಗೆ ಸರಿ, ಹಳ್ಳಿಗೆ ಕಷ್ಟ ಅನ್ನುತ್ತವೆ. ಬೆಂಗಳೂರಿನ ಪಿಜಿಯಲ್ಲಿ ಮೂರನೇ ಮಾಳಿಗೆಯಲ್ಲಿ ಇರುವವನಿಗೆ ಸ್ಕೂಟರ್ ಚಾರ್ಜ್ ಮಾಡಲು ಪ್ಲಗ್ ಎಲ್ಲುಂಟು? ತೋಟದ ಮನೆಯಲ್ಲಿ ಜಗಲಿಯಲ್ಲೇ ಪ್ಲಗ್, ಪಕ್ಕದಲ್ಲೇ ಗಾಡಿ. ಹತ್ತಿರದ ಪಂಪಿಗೆ ಹೋಗಿ ಬರುವ ಪೆಟ್ರೋಲೇ ಉಳಿಯಿತು. ಲೆಕ್ಕವೂ ಸರಿ ಬರುತ್ತದೆ. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರ್ ಫುಲ್ ಚಾರ್ಜಿಗೆ, ಸೋರುವುದೂ ಸೇರಿ ಮೂರೂವರೆ ಯೂನಿಟ್ ಎಳೆದು, ಎಂಬತ್ತು-ತೊಂಬತ್ತು ಕಿಲೋಮೀಟರ್ ಓಡಿತು ಅನ್ನಿ. ತಿಂಗಳಿಗೆ ಆರುನೂರು ಕಿಲೋಮೀಟರಿಗೆ ಇಪ್ಪತ್ತೈದು ಯೂನಿಟ್, ನೂರೈವತ್ತು-ನೂರೆಪ್ಪತ್ತು ರೂಪಾಯಿ. ಅಷ್ಟಕ್ಕೇ ಪೆಟ್ರೋಲ್ ಸಾವಿರದ ಮುನ್ನೂರು ಮೇಲಾಗುತ್ತದೆ. ಗೃಹಜ್ಯೋತಿ ಇರುವ ಮನೆಯವರು ಒಂದು ನೋಡಿಕೊಳ್ಳಬೇಕು. ಉಚಿತ ಸಿಗುವುದು ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ಮಾತ್ರ, ಅದರ ಮೇಲಿನದ್ದಕ್ಕೆ ಬಿಲ್ ಬರುತ್ತದೆ, 200 ಯೂನಿಟ್ ದಾಟಿದರೆ ಪೂರ್ತಿಗೆ ಬರುತ್ತದೆ. ಆದರೂ ಲಾಭವೇ.

ಆದರೆ ಕರೆಂಟು ಇರಬೇಕಲ್ಲ ಮಾರಾಯ್ರೆ!

ದೇಶದ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ರಸ್ತೆಗೆ ಇಳಿದದ್ದು ಕರ್ನಾಟಕದಲ್ಲಿ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ಕರ್ನಾಟಕವೇ. ಅದೇ ಕರ್ನಾಟಕದ ಸುಳ್ಯದಲ್ಲಿ 110 ಕೆವಿ ಸಬ್‌ಸ್ಟೇಷನ್ ಬೇಕು ಅನ್ನುವ ಬೇಡಿಕೆಗೆ ಒಂದು ತಲೆಮಾರಿನಷ್ಟು ವಯಸ್ಸು. ಮಾಡಾವಿನಿಂದ ಸುಳ್ಯಕ್ಕೆ ಲೈನ್ ಎಳೆಯುವ ಯೋಜನೆ ಕಾಡು, ಜಾಗ, ಆಕ್ಷೇಪಣೆ ಅಂತ ವರ್ಷಗಟ್ಟಲೆ ಕಾಗದದಲ್ಲಿ ಓಡಾಡಿತು. 2016ರಲ್ಲಿ ಈ ಕಡೆಯ ಒಬ್ಬರು ಕರೆಂಟಿನ ವಿಷಯಕ್ಕೆ ನೇರ ಇಂಧನ ಸಚಿವರಿಗೇ ಫೋನ್ ಮಾಡಿ, ಮಾತು ಜೋರಾಗಿ, ಪೊಲೀಸ್ ಕೇಸಾಗಿ, ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಬೇಸಿಗೆಯಲ್ಲಿ ಎಲ್ಲ ತೋಟದ ಪಂಪೂ ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಮಳೆಗಾಲದಲ್ಲಿ ಕಾಡಿನ ನಡುವೆ ಹೋಗುವ ಲೈನಿಗೆ ಮರ ಬೀಳುತ್ತದೆ, ಒಂದೊಂದು ಸಲ ಎರಡು-ಮೂರು ದಿನ ಕತ್ತಲೆ. ಲೈನ್‌ಮನ್‌ಗಳು ಮಳೆಯಲ್ಲೇ ಕಂಬ ಹತ್ತಿ ಸರಿ ಮಾಡುತ್ತಾರೆ, ಅವರಿಗೆ ಕೈಮುಗಿಯಬೇಕು. ಒಂದೇ ಗಾಡಿ ಇರುವ ಮನೆ, ಅದು ಎಲೆಕ್ಟ್ರಿಕ್, ಆಟಿಯ ಮಳೆ, ರಾತ್ರಿ ಆಸ್ಪತ್ರೆಗೆ ಹೋಗಬೇಕು, ಚಾರ್ಜ್ ಶೇ. 9. ಎಲೆಕ್ಟ್ರಿಕ್ ಸ್ಕೂಟರಿನ ಯಾವ ರಿವ್ಯೂನಲ್ಲೂ ಈ ಟೆಸ್ಟ್ ಇಲ್ಲ.

"ಸೋಲಾರ್ ಹಾಕಿಸಿ" ಅನ್ನುತ್ತೀರಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಉಂಟು, ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದ ಆನ್-ಗ್ರಿಡ್ ಸೋಲಾರ್ ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯದ ಹಾಗೆ ಅದನ್ನು ಮಾಡಿರುವುದೇ ಹಾಗೆ. ಮಾರುವವರು ಇದನ್ನು ಕೊನೆಗೆ ಹೇಳುತ್ತಾರೆ, ಕೆಲವರು ಹೇಳುವುದೂ ಇಲ್ಲ.

ಹಾಗಾದರೆ ಎಲೆಕ್ಟ್ರಿಕ್ ಬೇಡವಾ? ಬೇಕು. ಇದಕ್ಕಿಂತ ಮೊದಲು ಇದೇ ಊರು ಒಂದು ದೊಡ್ಡ ಇಂಧನ ಬದಲಾವಣೆ ಮಾಡಿ ತೋರಿಸಿದೆ. ಒಂದು ಕಾಲಕ್ಕೆ ಅಡಿಕೆ ತೋಟಕ್ಕೆ ನೀರು ಬಿಡುತ್ತಿದ್ದದ್ದು ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಚಿಮಿಣಿ ಎಣ್ಣೆಯಲ್ಲಿ ಓಡಿಸುವ ಪಂಪು, ಇಲ್ಲವೇ ಡೀಸೆಲ್ ಪಂಪು. ಈಗ ಹುಡುಕಿದರೂ ಅಪರೂಪ. ಹಗ್ಗ ಎಳೆದು ಎಳೆದು ಸ್ಟಾರ್ಟ್ ಮಾಡುವ ಪಂಪಿಗಿಂತ ಸ್ವಿಚ್ಚು ಸುಲಭ ಇತ್ತು. ತೋಟದವರೆಗೆ ಕಂಬ ಬಂತು, ಆಮೇಲೆ ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತವಾಯಿತು. ಇಡೀ ಸೀಮೆ ಒಂದು ಇಂಧನದಿಂದ ಇನ್ನೊಂದಕ್ಕೆ ದಾಟಿತು. ಯಾರೂ ಅದನ್ನು "ಪರ್ಯಾಯ ಇಂಧನ ಕ್ರಾಂತಿ" ಅಂತ ಕರೆಯಲಿಲ್ಲ. ಪರಿಸರ ಪ್ರೇಮದಿಂದ ಆದದ್ದೂ ಅಲ್ಲ. ತಂತಿ ಬಂದದ್ದರಿಂದ ಆಯಿತು.

ಇನ್ನೊಂದು ಬದಲಾವಣೆ ಮೊನ್ನೆ ಮೊನ್ನೆ ಆಯಿತು, ಅದನ್ನೂ ಇಂಧನದ ಲೆಕ್ಕಕ್ಕೆ ಯಾರೂ ಸೇರಿಸಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿನವರಿಗೆ ಅಷ್ಟು ಗೊತ್ತಾಗಲಿಲ್ಲ. ಪುತ್ತೂರು ವಿಭಾಗದಲ್ಲಿ ಕೆಎಸ್‌ಆರ್‌ಟಿಸಿಯೇ ಮುಖ್ಯ. ಸ್ಕೂಟರಲ್ಲೋ ಬಾಡಿಗೆ ಜೀಪಲ್ಲೋ ಹೋಗುತ್ತಿದ್ದ ಎಷ್ಟೋ ಹೆಂಗಸರು ಬಸ್ಸಿಗೆ ಬಂದರು. ಲೆಕ್ಕ ನೋಡಿ: ಏರು-ತಗ್ಗಿನ ದಾರಿಯಲ್ಲಿ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡಿದರೂ ನಲವತ್ತು ಜನ ಇದ್ದರೆ ಒಬ್ಬರಿಗೆ ಲೀಟರಿಗೆ 180 ಕಿಲೋಮೀಟರ್ ಬಿತ್ತು. ಯಾವ ಸ್ಕೂಟರೂ ಅಷ್ಟು ಮೈಲೇಜ್ ಕೊಡುವುದಿಲ್ಲ. ಆದರೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು, ಅದೂ ತುಂಬಿ ತುಳುಕಿ, ಒಳದಾರಿಗೆ ಇಲ್ಲವೇ ಇಲ್ಲ ಅಂತಾದರೆ ಟಿಕೆಟ್ ಉಚಿತ ಆಗಿ ಏನು ಪ್ರಯೋಜನ? ಟಿಕೆಟ್ಟಿನ ದುಡ್ಡು ಒಂದು ಸರ್ಕಾರ ಬಿಟ್ಟುಕೊಟ್ಟಿತು. ಬಸ್ಸಿನ ಸಂಖ್ಯೆ ಹೆಚ್ಚಿಸುವ ಕೆಲಸ ಬಾಕಿ ಉಂಟು.

ಈಗ ನನ್ನ ತಕರಾರು ಎಲ್ಲಿಗೆ ಬಂತು ಅಂತ ನಿಮಗೆ ಗೊತ್ತಾಗಿರಬಹುದು. ಬೇರೆ ಇಂಧನದ ಚರ್ಚೆಯನ್ನು ನಾವು ಟ್ಯಾಂಕಿನ ಒಳಗಿನ ಚರ್ಚೆ ಮಾಡಿಕೊಂಡಿದ್ದೇವೆ. ಸೋತ ಕಡೆಯೆಲ್ಲ ಸೋತದ್ದು ಟ್ಯಾಂಕಿನ ಹೊರಗೆ. ಹೊಂಗೆ ಸೋತದ್ದು ಬೀಜ ಹೆಕ್ಕುವ ಕೂಲಿಯಲ್ಲಿ, ಗೇರುಹಣ್ಣು ಗುಡ್ಡದಿಂದ ಇಳಿಸುವ ಬಾಡಿಗೆಯಲ್ಲಿ, ಗ್ಯಾಸು ಲಾರಿಯ ಕ್ಯೂನಲ್ಲಿ. ಕರೆಂಟು ಸೋತರೆ ಸೋಲುವುದು ಮರ ಬಿದ್ದ ಲೈನಿನಲ್ಲಿ. ಇದೆಲ್ಲ ಬೋರಿಂಗ್ ವಿಷಯ. ಸಬ್‌ಸ್ಟೇಷನ್ನಿನ ಬಗ್ಗೆ ರೀಲ್ಸ್ ಮಾಡಿದರೆ ಲೈಕ್ ಬರುವುದಿಲ್ಲ. ಆದರೆ ಪೆಟ್ರೋಲಿಗೆ ನಿಜವಾದ ಪರ್ಯಾಯ ಅಲ್ಲೇ ಇರುವುದು.

ಇನ್ನು ಹಣದ ಪ್ರಶ್ನೆ. ನಾವು ಲೀಟರಿಗೆ ಕೊಡುವ ಆ ತೆರಿಗೆ ಇಳಿಸಿ ಅಂತ ಕೇಳುವುದು ನ್ಯಾಯವೇ. ಇಳಿಸುವುದಿಲ್ಲ ಅಂತ ಮೂರೂ ಸರ್ಕಾರಗಳು ವರ್ಷಗಳಿಂದ ತೋರಿಸಿಕೊಟ್ಟಿವೆ. ಹಾಗಾದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳುವ: ಬಸ್ಸು, ತಂತಿ ಎರಡೂ ಸರಿ ಇಲ್ಲದ ಊರಿನವರು ಪೆಟ್ರೋಲ್ ಬಿಡಲಾಗದೆ ಕಟ್ಟುವ ಈ ತೆರಿಗೆಯಲ್ಲಿ ಎಷ್ಟು ಪಾಲು ಅವರು ಪೆಟ್ರೋಲ್ ಬಿಡುವ ಹಾಗೆ ಮಾಡಲು ಖರ್ಚಾಗುತ್ತದೆ? ಶಾಸಕರು ಊರಿಗೆ ಬಂದಾಗ, ಗ್ರಾಮಸಭೆಯಲ್ಲಿ, ವಿದ್ಯುತ್ ದರ ಏರಿಸುವ ಮೊದಲು ಕೆಇಆರ್‌ಸಿ ಮಂಗಳೂರಲ್ಲಿ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಆ ವಿಚಾರಣೆಗೆ ಲಿಖಿತ ಆಕ್ಷೇಪಣೆ ಯಾರು ಬೇಕಾದರೂ ಕಳಿಸಬಹುದು. ಎಕ್ಸೆಲ್ ಶೀಟಲ್ಲಿ ದಿನ ಕಳೆಯುವ ನಿಮಗೆ, ಮನೆಯ ಫೀಡರಿನಲ್ಲಿ ಯಾವ ದಿನ ಎಷ್ಟು ಗಂಟೆ ಕರೆಂಟ್ ಇರಲಿಲ್ಲ ಅಂತ ಒಂದು ಮಳೆಗಾಲದ ಲೆಕ್ಕ ಬರೆದಿಡುವುದು ದೊಡ್ಡ ಕೆಲಸ ಅಲ್ಲ. ಅಮ್ಮನಿಗೆ ಹೇಳಿದರೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿಡುತ್ತಾರೆ, ಹಾಲಿನ ಲೆಕ್ಕ ಇಟ್ಟ ಹಾಗೆ.

ಮತ್ತೆ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ: ಮನೆಯಲ್ಲಿ ಎರಡು ಗಾಡಿ ಇದ್ದರೆ ಒಂದು ಕರೆಂಟಿನದ್ದು ಧೈರ್ಯವಾಗಿ ತೆಗೆಯಲಿ, ದಿನದ ಓಡಾಟ ಅದರಲ್ಲಿ ಆಗಲಿ. ಸರ್ವಿಸ್ ಸೆಂಟರ್ ಪುತ್ತೂರಿನಲ್ಲಾದರೂ ಉಂಟಾ ಅಂತ ಮೊದಲು ಕೇಳಲಿ, ಬ್ಯಾಟರಿಯ ವಾರಂಟಿ ಓದಲಿ. ಒಂದೇ ಗಾಡಿ ಇರುವ ಮನೆಯಾದರೆ, ಒಂದು ಮಳೆಗಾಲದ ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡುವುದು ಒಳ್ಳೆಯದು. ಅಲ್ಲಿಯ ತನಕ ಹಳೆಯ ಪೆಟ್ರೋಲ್ ಸ್ಕೂಟರನ್ನು ಗುಜರಿಗೆ ಹಾಕುವುದು ಬೇಡ.